ವಾರಕ್ಕೊಮ್ಮೆ ಬರೆದದ್ದೇ ಉಳಿಯಿತು: ಕೃತಜ್ಞತೆಯ ಪುಸ್ತಕದೊಂದಿಗೆ ನನ್ನ ಅನುಭವ

ಕೃತಜ್ಞತೆಯ ದಿನಚರಿಯನ್ನು, ಅಂದರೆ ನಮಗೆ ದೊರೆತ ಉಪಕಾರಗಳನ್ನೂ ಒಳ್ಳೆಯ ಸಂಗತಿಗಳನ್ನೂ ಬರೆದಿಡುವ ಪುಸ್ತಕವನ್ನು, ದಿನವೂ ಬರೆಯಬೇಕು, ನಡುವೆ ಒಂದು ದಿನ ತಪ್ಪಿದರೂ ಅಭ್ಯಾಸ ಕೆಟ್ಟುಹೋಗುತ್ತದೆ ಎಂದು ನನಗೆ ಬುದ್ಧಿ ಹೇಳಿದವರು ಒಬ್ಬಿಬ್ಬರಲ್ಲ. ವಾರಕ್ಕೊಮ್ಮೆ ಮಾತ್ರ ಬರೆಯುತ್ತೇನೆಂದು ನಾನು ತೀರ್ಮಾನಿಸಿದಾಗ ಗೆಳೆಯರೊಬ್ಬರು, ಇದು ಆರಂಭಶೂರತ್ವ, ಎರಡು ತಿಂಗಳೊಳಗೆ ಪುಸ್ತಕ ಮೂಲೆ ಸೇರುತ್ತದೆ ಎಂದು ನೇರವಾಗಿಯೇ ಹೇಳಿದರು. ಮನೆಯವರೂ ಹೂಂಗುಟ್ಟಿದರೇ ಹೊರತು ನಂಬಲಿಲ್ಲ. ಈಗ ಹೆಚ್ಚುಕಡಿಮೆ ಮೂರು ವರ್ಷಗಳಾಗಿವೆ. ಕಾಯಿಲೆ, ಪ್ರಯಾಣ, ಕೆಲಸದ ಒತ್ತಡ ಎಲ್ಲವೂ ನಡುವೆ ಬಂದುಹೋದರೂ ಎರಡು ವಾರಕ್ಕಿಂತ ಹೆಚ್ಚು ಕಾಲ ಬರಹ ನಿಂತದ್ದು ನನಗೆ ನೆನಪಿಲ್ಲ. ದಿನವೂ ಬರೆಯುತ್ತಿದ್ದ ಆ ಗೆಳೆಯರ ಪುಸ್ತಕ ಎಂದೋ ನಿಂತುಹೋಗಿದೆ, ಈಗ ಅವರೇ ನನ್ನ ಕ್ರಮವೇನೆಂದು ಕೇಳುತ್ತಿದ್ದಾರೆ. ಒಂದಷ್ಟು ದಿನ ಬರೆದು ಕೈಬಿಟ್ಟವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಕೃತಜ್ಞತೆ ಏಕೆ ಬೇಕೆಂಬುದು ಅವರಿಗೆ ತಿಳಿದೇ ಇರುವುದರಿಂದ ಆ ವಿವರಣೆಗೆ ಹೋಗುವುದಿಲ್ಲ.

ಮೊದಲು ಕೈಕೊಟ್ಟ ಕ್ರಮಗಳ ವಿಚಾರ. ಎಲ್ಲರಂತೆ ನಾನೂ ರಾತ್ರಿ ಮಲಗುವ ಮುನ್ನ ದಿನಕ್ಕೆ ಐದು ಸಂಗತಿಗಳನ್ನು ಬರೆಯಲು ತೊಡಗಿದೆ. ಮೊದಲ ಕೆಲವು ದಿನ ಚೆನ್ನಾಗಿಯೇ ಇತ್ತು. ಮೂರನೆಯ ವಾರದ ಹೊತ್ತಿಗೆ ಆರೋಗ್ಯ, ಮನೆ, ಮಕ್ಕಳು, ಕೆಲಸ, ನಿದ್ದೆ ಎಂಬ ಐದೇ ಪದಗಳು ಸ್ಥಾನ ಬದಲಿಸಿಕೊಂಡು ಪುಟ ತುಂಬಿಸುತ್ತಿದ್ದವು. ಪುಸ್ತಕವು ಹಾಜರಿ ಪುಸ್ತಕದಂತಾಯಿತು: ಎಲ್ಲರೂ ಹಾಜರಿದ್ದರು, ಯಾರ ಮುಖವೂ ಕಾಣುತ್ತಿರಲಿಲ್ಲ. ನಿದ್ದೆಯಿಂದ ಕಣ್ಣು ಎಳೆಯುತ್ತಿದ್ದ ಹೊತ್ತಿನಲ್ಲಿ ಕಾಟಾಚಾರಕ್ಕೆ ಬರೆದ ಸಾಲುಗಳಿಂದ ಮನಸ್ಸಿಗೆ ಆದ ಲಾಭ ಏನೂ ಇರಲಿಲ್ಲ. ಬರೆಯದೆ ಮಲಗಿದ ದಿನ ಮಾತ್ರ ತಪ್ಪಿತಸ್ಥ ಭಾವ ಖಂಡಿತವಾಗಿ ಕಾಡುತ್ತಿತ್ತು.

ಆಮೇಲೆ ಹಣ ಹೋಯಿತು. ಮೊದಲು ಚಂದಾ ಕಟ್ಟುವ ಆ್ಯಪ್ ಒಂದನ್ನು ಹಾಕಿಕೊಂಡೆ. ಅದು ದಿನವೂ ನೆನಪಿಸುತ್ತಿತ್ತು, ಸತತ ಎಷ್ಟು ದಿನ ಬರೆದೆನೆಂದು ಲೆಕ್ಕ ಇಡುತ್ತಿತ್ತು, ಒಂದು ದಿನ ತಪ್ಪಿದರೆ ಆ ಲೆಕ್ಕವನ್ನು ಸೊನ್ನೆಗೆ ತರುತ್ತಿತ್ತು. ಲೆಕ್ಕ ಉಳಿಸಿಕೊಳ್ಳಲೆಂದೇ ಒಂದೊಂದು ಪದ ಒತ್ತಿ ಮುಗಿಸುವ ಸ್ಥಿತಿಗೆ ಬಂದಾಗ ಅದನ್ನು ತೆಗೆದುಹಾಕಿದೆ, ಆದರೆ ಅಷ್ಟರಲ್ಲಿ ಚಂದಾ ತಾನಾಗಿಯೇ ಮತ್ತೊಂದು ವರ್ಷಕ್ಕೆ ನವೀಕರಣಗೊಂಡಿತ್ತು. ಬಳಿಕ ಗಟ್ಟಿ ರಟ್ಟಿನ, ದಪ್ಪ ಕಾಗದದ, ಪುಟಪುಟಕ್ಕೂ ಪ್ರಶ್ನೆ ಅಚ್ಚಾಗಿದ್ದ ದುಬಾರಿ ಪುಸ್ತಕ ತಂದೆ. ಅಂಥ ಪುಸ್ತಕದಲ್ಲಿ ಅಕ್ಷರ ಕೆಟ್ಟರೆ ಹೇಗೆಂದು ಕೈ ಹಿಂಜರಿಯುತ್ತದೆ. ಇವತ್ತಿಗೂ ಅದರ ಮುಕ್ಕಾಲು ಭಾಗ ಖಾಲಿ ಇದೆ. ಆ ಎರಡಕ್ಕೂ ತೆತ್ತ ಹಣದಲ್ಲಿ ಈಗ ಬಳಸುವ ಸಾಮಾನ್ಯ ಗೆರೆಪುಸ್ತಕಗಳನ್ನು ಹತ್ತು ಹನ್ನೆರಡು ವರ್ಷಕ್ಕಾಗುವಷ್ಟು ಕೊಳ್ಳಬಹುದಿತ್ತು. ಈಗಿನ ಒಂದು ಪುಸ್ತಕ ಎಂಟು ಒಂಬತ್ತು ತಿಂಗಳು ಬರುತ್ತದೆ, ಪೆನ್ನು ಹೇಗೂ ಮನೆಯಲ್ಲಿರುತ್ತದೆ. ಇಡೀ ವರ್ಷದ ಖರ್ಚು ಆ ಆ್ಯಪ್‌ನ ಚಂದಾಕ್ಕಿಂತ ಎಷ್ಟೋ ಕಡಿಮೆ.

ವಾರಕ್ಕೊಮ್ಮೆ ಎಂಬ ಯೋಚನೆ ಹುಟ್ಟಿದ್ದು ಸಂಶೋಧನೆಗಳ ಕುರಿತು ಓದಿದ ಮೇಲೆ. ಮನೋವಿಜ್ಞಾನಿಗಳಾದ ರಾಬರ್ಟ್ ಎಮನ್ಸ್ ಮತ್ತು ಮೈಕೆಲ್ ಮೆಕಲಾ ಅವರು 2003ರಲ್ಲಿ ಪ್ರಕಟಿಸಿದ ಪ್ರಯೋಗಗಳ ಪೈಕಿ ಮೊದಲನೆಯದರಲ್ಲಿ ವಿದ್ಯಾರ್ಥಿಗಳು ಹತ್ತು ವಾರಗಳ ಕಾಲ ವಾರಕ್ಕೊಮ್ಮೆಯೇ, ಐದರವರೆಗಿನ ಸಂಗತಿಗಳನ್ನು ಬರೆದಿದ್ದರು. ಕಿರಿಕಿರಿಗಳನ್ನು ಬರೆದ ಗುಂಪಿಗಿಂತ ಉಪಕಾರಗಳನ್ನು ಬರೆದ ಗುಂಪು ಬದುಕಿನ ಬಗ್ಗೆ ಹೆಚ್ಚು ಸಮಾಧಾನ ಹೊಂದಿತ್ತು, ಹೆಚ್ಚು ವ್ಯಾಯಾಮವನ್ನೂ ಮಾಡಿತ್ತು. ಸುಮಾರು ಎರಡು ವಾರ ದಿನವೂ ಬರೆಸಿದ ಇನ್ನೊಂದು ಪ್ರಯೋಗದಲ್ಲಿಯೂ ಲವಲವಿಕೆ ಹೆಚ್ಚಿತ್ತು ಎಂಬುದನ್ನು ದಿನವೂ ಬರೆಯಬೇಕೆನ್ನುವವರು ನನಗೆ ಮತ್ತೆಮತ್ತೆ ತೋರಿಸುತ್ತಾರೆ. ಆದರೆ ಎರಡು ವಾರ ಯಾರಾದರೂ ಬರೆಯಬಲ್ಲರು, ವರ್ಷಗಟ್ಟಲೆ ಬರೆಯುವುದು ಬೇರೆ ಮಾತು. ಮನೋವಿಜ್ಞಾನಿ ಸೋನ್ಯಾ ಲ್ಯೂಬೊಮಿರ್ಸ್ಕಿ ಮತ್ತು ಸಹೋದ್ಯೋಗಿಗಳು 2005ರಲ್ಲಿ ವಿವರಿಸಿದ ಆರು ವಾರಗಳ ಪ್ರಯೋಗದಲ್ಲಿ ವಾರಕ್ಕೊಮ್ಮೆ ಬರೆದವರಿಗೆ ಮಾತ್ರ ಪ್ರಯೋಜನ ಕಂಡಿತು, ವಾರಕ್ಕೆ ಮೂರು ಸಲ ಬರೆದವರಿಗೆ ಕಾಣಲಿಲ್ಲ. ಇದನ್ನು ಓದಿದಾಗ ನನ್ನ ಹಳೆಯ ಪುಟಗಳ ಐದು ಪದಗಳು ಕಣ್ಣಿಗೆ ಕಟ್ಟಿದವು.

ಈಗಿನ ಕ್ರಮ ಹೀಗಿದೆ. ವಾರದ ಕೆಲಸ ಮುಗಿದ ಮರುದಿನ ಸಂಜೆ, ಬೆಳಕಿರುವಾಗಲೇ, ಅರ್ಧ ಗಂಟೆ ಕೂರುತ್ತೇನೆ. ರಾತ್ರಿಯನ್ನು ಬೇಕೆಂದೇ ಬಿಟ್ಟಿದ್ದೇನೆ, ದಣಿದ ತಲೆಗೆ ದೊಡ್ಡ ದೊಡ್ಡ ಪದಗಳಷ್ಟೇ ಹೊಳೆಯುತ್ತವೆ. ಬರೆಯುವುದು ಮೂರೇ ಸಂಗತಿ. ಒಂದೊಂದಕ್ಕೂ ಆರೆಂಟು ಸಾಲು ಆಗಲೇಬೇಕು, ಮತ್ತು ಆ ಸಾಲುಗಳಲ್ಲಿ ಮೂರು ವಿಷಯಗಳು ಬರಲೇಬೇಕು: ಯಾರಿಂದ ಅಥವಾ ಯಾವುದರಿಂದ ಆಯಿತು, ಅದಕ್ಕಾಗಿ ಅವರು ತಮ್ಮದೇನನ್ನು ಬಿಟ್ಟುಕೊಟ್ಟರು, ಅದು ಆಗದಿದ್ದರೆ ನನ್ನ ಆ ದಿನ ಹೇಗಿರುತ್ತಿತ್ತು. ಎರಡನೆಯ ಪ್ರಶ್ನೆಯನ್ನು ಬಹಳ ಜನ ಬಿಡುತ್ತಾರೆ. ನನ್ನ ಮಟ್ಟಿಗೆ ಕೃತಜ್ಞತೆ ಹುಟ್ಟುವುದೇ ಅಲ್ಲಿ, ಉಳಿದದ್ದು ಬರಿಯ ಸಂತೋಷ.

ಇದು ನಡೆಯಬೇಕಾದರೆ ವಾರದ ನಡುವೆ ಚೀಟಿ ಬೇಕೇಬೇಕು. ನೆನಪನ್ನೇ ನಂಬಿ ಕೂತ ಮೊದಲ ತಿಂಗಳುಗಳಲ್ಲಿ ಕೊನೆಯ ಎರಡು ದಿನಗಳ ಘಟನೆಗಳು ಮಾತ್ರ ಪುಟಕ್ಕೆ ಬರುತ್ತಿದ್ದವು, ವಾರದ ಆರಂಭದ ದಿನಗಳು ಬದುಕಿನಲ್ಲಿ ಇದ್ದೇ ಇಲ್ಲವೇನೋ ಎಂಬಂತೆ ಮಾಯವಾಗುತ್ತಿದ್ದವು. ಆದ್ದರಿಂದ ಜೇಬಿನಲ್ಲಿ ಮಡಿಸಿದ ಒಂದು ಕಾಗದ ಇಟ್ಟುಕೊಳ್ಳುತ್ತೇನೆ; ಏನಾದರೂ ಒಳ್ಳೆಯದು ನಡೆದ ಕೂಡಲೇ ಎರಡು ಮೂರು ಪದ ಗೀಚುತ್ತೇನೆ, ಅದಕ್ಕಿಂತ ಹೆಚ್ಚು ಬರೆಯುವುದಿಲ್ಲ. ಚೀಟಿಯಲ್ಲೇ ವಿಸ್ತಾರವಾಗಿ ಬರೆದುಬಿಟ್ಟರೆ ಸಂಜೆಯ ಬರಹ ನಕಲು ಕೆಲಸವಾಗುತ್ತದೆ. ವಾರದ ಕೊನೆಗೆ ಚೀಟಿಯಲ್ಲಿ ಹತ್ತು ಹದಿನೈದು ಗುರುತುಗಳಿರುತ್ತವೆ, ಅವುಗಳಲ್ಲಿ ಮೂರನ್ನು ಆರಿಸುವ ಕೆಲಸವೇ ಅರ್ಧ ಫಲ ಕೊಡುತ್ತದೆ. ಆರಿಸುವುದಕ್ಕೆ ನಾನು ಬಳಸುವ ಒಂದು ಉಪಾಯವಿದೆ. ಅದನ್ನು ರೂಢಿಸಿಕೊಳ್ಳಲು ನನಗೆ ಸುಮಾರು ಒಂದು ವರ್ಷ ಹಿಡಿದಿದೆ, ಅದನ್ನು ಸದ್ಯಕ್ಕೆ ನನ್ನಲ್ಲೇ ಇಟ್ಟುಕೊಳ್ಳುತ್ತೇನೆ.

ಒಂದು ಪುಟವನ್ನೇ ತೋರಿಸುತ್ತೇನೆ. ಚೀಟಿಯಲ್ಲಿ ಇದ್ದದ್ದು "ಬಟ್ಟೆ, ಮಳೆ" ಎಂಬ ಎರಡೇ ಪದ. ಪುಸ್ತಕದಲ್ಲಿ ಅದು ಹೀಗೆ ಬೆಳೆದಿದೆ: ನಾನು ಕೆಲಸದಲ್ಲಿದ್ದಾಗ ಇದ್ದಕ್ಕಿದ್ದಂತೆ ಮಳೆ ಬಂದಿತು, ಪಕ್ಕದ ಮನೆಯವರು ನಮ್ಮ ಹಗ್ಗದ ಮೇಲಿನ ಬಟ್ಟೆಗಳನ್ನು ತೆಗೆದಿಟ್ಟಿದ್ದರು. ತೆಗೆದು ರಾಶಿ ಹಾಕಿದ್ದರೂ ಸಾಕಿತ್ತು. ಅವರು ಒಂದೊಂದನ್ನೂ ಮಡಿಸಿದ್ದರು, ಅಂಗಿಗಳ ಕಾಲರ್ ನೇರ ಮಾಡಿದ್ದರು, ಕಾಲುಚೀಲಗಳನ್ನು ಜೋಡಿ ಹುಡುಕಿ ಒಂದರೊಳಗೊಂದು ಸೇರಿಸಿದ್ದರು. ತಮ್ಮ ಬಟ್ಟೆಗಳನ್ನು ಆಮೇಲೆ ತೆಗೆದದ್ದರಿಂದ ಅವರ ಒಂದು ಹೊದಿಕೆ ತೊಯ್ದುಹೋಗಿತ್ತು, ಆ ಮಾತನ್ನು ಅವರು ಆಡಲೇ ಇಲ್ಲ, ಅವರ ಬಾಗಿಲ ಬಳಿ ಅದು ನೀರು ಸೋರುತ್ತಿದ್ದುದನ್ನು ನಾನೇ ಕಂಡೆ. ಬರೆಯಲು ಕೂರದೆ ಇದ್ದಿದ್ದರೆ ಬಟ್ಟೆ ಒಣಗಿದೆಯೆಂಬಷ್ಟೇ ನನ್ನ ನೆನಪಿನಲ್ಲಿ ಉಳಿಯುತ್ತಿತ್ತು. ಆ ತೊಯ್ದ ಹೊದಿಕೆಗೂ ನಮ್ಮ ಒಣ ಬಟ್ಟೆಗೂ ಇದ್ದ ಸಂಬಂಧ ಹೊಳೆದದ್ದು ಎರಡನೆಯ ಪ್ರಶ್ನೆಗೆ ಉತ್ತರ ಬರೆಯುವಾಗಲೇ.

ಬರೆದದ್ದನ್ನೇ ಮತ್ತೆ ಬರೆಯಬಾರದೆಂದು ಕಟ್ಟುನಿಟ್ಟು ಮಾಡಿದ್ದೆ, ಅದು ನಡೆಯಲಿಲ್ಲ. ನಲ್ಲಿಯ ನೀರು, ನೋವಿಲ್ಲದೆ ಮೆಟ್ಟಿಲೇರುವ ಮಂಡಿ, ಸಮಯಕ್ಕೆ ಬರುವ ಸಹೋದ್ಯೋಗಿ ಇವೆಲ್ಲ ಮತ್ತೆಮತ್ತೆ ಬರುವಂಥವೇ. ಈಗ ಹೊಸ ವಿವರ ಇದ್ದರೆ ಮಾತ್ರ ಹಳೆಯ ಸಂಗತಿಗೆ ಪ್ರವೇಶ. ಕೆಟ್ಟ ವಾರಗಳಲ್ಲಿ ಮೂರನ್ನು ತುಂಬಿಸಲೇಬೇಕೆಂದು ಹೆಣಗಾಡುವುದಿಲ್ಲ, ಒಂದೇ ಬರೆದು ಪುಸ್ತಕ ಮುಚ್ಚಿದ್ದೂ ಇದೆ. ಇನ್ನೊಂದು ವಿಷಯದಲ್ಲಿ ನಾನು ಬಹಳ ಗಟ್ಟಿಯಾಗಿದ್ದೇನೆ: ಅನ್ಯಾಯಕ್ಕೆ ಕೃತಜ್ಞತೆಯ ಬಣ್ಣ ಬಳಿಯುವುದಿಲ್ಲ. ಹಿಂದೆ ಕೆಲಸ ಮಾಡುತ್ತಿದ್ದ ಕಡೆ ಎರಡು ಮೂರು ತಿಂಗಳ ಸಂಬಳ ತಡೆಹಿಡಿದಿದ್ದಾಗ, ಅದರಿಂದ ತಾಳ್ಮೆ ಕಲಿತೆನೆಂದು ಬರೆಯುವಂತೆ ಹಿತೈಷಿಗಳು ಸೂಚಿಸಿದರು. ನಾನು ಬರೆಯಲಿಲ್ಲ. ಆ ತಿಂಗಳುಗಳಲ್ಲಿ ಕೇಳುವ ಮೊದಲೇ ಸಾಲ ಕೊಟ್ಟವರ ಬಗ್ಗೆ ಬರೆದೆ, ಬಾಕಿ ಸಂಬಳಕ್ಕೆ ಬೇರೆಯಾಗಿ ಪತ್ರ ಬರೆದೆ.

ನಡುವೆ ಕೆಲವು ಉಪಪ್ರಯೋಗಗಳನ್ನೂ ಮಾಡಿದ್ದೇನೆ. ಬರೆಯುವ ಬದಲು ಧ್ವನಿಮುದ್ರಣ ಮಾಡಿ ನೋಡಿದೆ. ಮಾತು ಸಲೀಸಾಗಿ ಬರುತ್ತದೆ, ಆದರೆ ಮರಳಿ ಕೇಳಲು ಕೈ ಹೋಗುವುದಿಲ್ಲ. ಫೋಟೊ ತೆಗೆಯುವ ಕ್ರಮ ಇನ್ನೂ ಬೇಗ ಸೋತಿತು, ಏಕೆಂದರೆ ಉಪಕಾರಗಳಲ್ಲಿ ಹೆಚ್ಚಿನವು ಕ್ಯಾಮೆರಾಕ್ಕೆ ಕಾಣುವಂಥವಲ್ಲ. ಚೆನ್ನಾಗಿ ಫಲಿಸಿದ್ದು ಇರುವುದನ್ನು ಮನಸ್ಸಿನಲ್ಲೇ ಕಳೆದು ನೋಡುವ ಪ್ರಯೋಗ. ಒಳ್ಳೆಯ ಘಟನೆಯೊಂದು ಹೇಗೆ ನಡೆಯದೆ ಹೋಗಬಹುದಿತ್ತು ಎಂದು ಬರೆದವರಿಗೆ, ಅದು ಹೇಗೆ ನಡೆಯಿತೆಂದು ಬರೆದವರಿಗಿಂತ ಹೆಚ್ಚು ಹಿತವಾಯಿತೆಂದು ತೋರಿಸಿದ ಅಧ್ಯಯನವೊಂದು 2008ರಲ್ಲಿ ಪ್ರಕಟವಾಗಿದೆ. ನನ್ನ ಮೂರನೆಯ ಪ್ರಶ್ನೆ ಬಂದದ್ದು ಅಲ್ಲಿಂದ. ಒಮ್ಮೆ ಕನ್ನಡಕದ ಬಗ್ಗೆ ಹೀಗೆ ಬರೆಯಲು ಕೂತವನು, ಕನ್ನಡಕವಿಲ್ಲದ ಒಂದು ಬೆಳಗನ್ನು ಗಂಟೆಗಂಟೆಯಾಗಿ ಕಲ್ಪಿಸಿಕೊಂಡು ಎರಡು ಪುಟ ತುಂಬಿಸಿದೆ. ಆದರೆ ಇದನ್ನು ಪ್ರತಿವಾರ ಪ್ರತಿ ಸಂಗತಿಗೂ ಹಿಗ್ಗಿಸಿದರೆ ಮನಸ್ಸಿಗೆ ಆತಂಕ ಹತ್ತುತ್ತದೆ. ಒಂದು ಸಂಗತಿಗೆ ವಿಸ್ತಾರವಾಗಿ, ಉಳಿದೆರಡಕ್ಕೆ ಒಂದು ಸಾಲಿನಲ್ಲಿ ಸಾಕು.

ಧನ್ಯವಾದದ ಪತ್ರಗಳನ್ನೂ ಬರೆದೆ. ಮನೋವಿಜ್ಞಾನಿ ಮಾರ್ಟಿನ್ ಸೆಲಿಗ್ಮನ್ ಮತ್ತು ಸಂಗಡಿಗರು 2005ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಪತ್ರ ಬರೆದು ಖುದ್ದಾಗಿ ಹೋಗಿ ತಲುಪಿಸಿದವರ ಸಂತೋಷ ಬಹಳ ಏರಿತಾದರೂ ಸುಮಾರು ಒಂದು ತಿಂಗಳ ನಂತರ ಇಳಿಯಿತು. ಪ್ರತಿದಿನ ಮೂರು ಒಳ್ಳೆಯ ಸಂಗತಿಗಳನ್ನೂ ಅವುಗಳ ಕಾರಣವನ್ನೂ ಒಂದು ವಾರ ಬರೆದವರಲ್ಲಿ ಪರಿಣಾಮ ಆರು ತಿಂಗಳ ಬಳಿಕವೂ ಕಂಡಿತ್ತು. ನನ್ನ ಅನುಭವವೂ ಇದಕ್ಕೆ ಹತ್ತಿರ. ಪತ್ರ ಕೊಟ್ಟ ದಿನ ಕಣ್ಣು ತುಂಬುವಂತಾಗುತ್ತದೆ, ಕೆಲವು ವಾರಗಳಲ್ಲಿ ಆ ಭಾವ ತಿಳಿಯಾಗುತ್ತದೆ. ಆದ್ದರಿಂದ ಪತ್ರಗಳನ್ನು ವರ್ಷಕ್ಕೆ ಒಂದೆರಡಕ್ಕೆ ಇಟ್ಟುಕೊಂಡಿದ್ದೇನೆ, ಪುಸ್ತಕವನ್ನು ವಾರವಾರಕ್ಕೆ.

ಹಣದ ಕಡೆಗೆ ಇನ್ನೊಂದು ಪ್ರಯೋಗ ಹೊರಳಿತು. ಕೃತಜ್ಞತೆಯ ಭಾವದಲ್ಲಿರುವವರು ಈಗಲೇ ಸಿಗುವ ಸಣ್ಣ ಮೊತ್ತಕ್ಕೆ ಕೈಚಾಚದೆ ಮುಂದೆ ಬರುವ ದೊಡ್ಡ ಮೊತ್ತಕ್ಕಾಗಿ ಹೆಚ್ಚು ಕಾಯಬಲ್ಲರೆಂದು ಮನೋವಿಜ್ಞಾನಿ ಡೇವಿಡ್ ಡಿಸ್ಟೆನೊ ಮತ್ತು ಸಹೋದ್ಯೋಗಿಗಳು 2014ರಲ್ಲಿ ತೋರಿಸಿದ್ದರು. ಅದನ್ನು ಪರೀಕ್ಷಿಸಲೆಂದು ಪುಸ್ತಕದ ಕೊನೆಯ ಪುಟಗಳಲ್ಲಿ, ಕೊಳ್ಳಬೇಕೆನಿಸಿದ ವಸ್ತುಗಳ ಹೆಸರು ಬರೆದು, ಆ ವಾರದ ಬರಹ ಮುಗಿದ ಮೇಲೆಯೇ ಕೊಳ್ಳುವ ತೀರ್ಮಾನ ಮಾಡತೊಡಗಿದೆ. ನೆನಪಿನಿಂದ ಹೇಳುವುದಾದರೆ ಪಟ್ಟಿಯಲ್ಲಿದ್ದವುಗಳ ಪೈಕಿ ಮೂರರಲ್ಲಿ ಒಂದು ಭಾಗ ಮಾತ್ರ ಮನೆಗೆ ಬಂದಿದೆ. ಕಾದಿದ್ದರಿಂದಲೇ ಆಸೆ ಇಳಿದಿರಲೂಬಹುದು, ಎಲ್ಲ ಶ್ರೇಯಸ್ಸನ್ನೂ ಬರಹಕ್ಕೆ ಕೊಡಲಾರೆ. ಆದರೆ ಈಗಾಗಲೇ ಇರುವ ಕನ್ನಡಕದ ಬಗ್ಗೆ ಎರಡು ಪುಟ ಬರೆದ ಸಂಜೆ ಹೊಸ ಚೌಕಟ್ಟು ಕೊಳ್ಳುವ ಮನಸ್ಸಾಗಲಿಲ್ಲ ಎಂಬುದು ನಿಜ.

ಫಲವನ್ನು ಅಳೆಯಲು ಪ್ರತಿ ಪುಟದ ತಲೆಯಲ್ಲಿ, ಬರೆಯುವುದಕ್ಕೆ ಮೊದಲೇ, ಆ ವಾರಕ್ಕೆ ಹತ್ತಕ್ಕೆ ಇಷ್ಟು ಎಂದು ಅಂಕ ಹಾಕುತ್ತೇನೆ. ಮೊದಲ ತಿಂಗಳುಗಳಲ್ಲಿ ಅದು ಐದರ ಆಸುಪಾಸಿನಲ್ಲಿತ್ತು, ಒಂದು ವರ್ಷದ ಬಳಿಕ ಆರು ಏಳರ ನಡುವೆ ನಿಂತಿತು, ಈಗಲೂ ಅಲ್ಲಿಯೇ ಇದೆ. ಬರೆದ ಮೇಲೆ ಅಂಕ ಹಾಕಿದರೆ ಸಂಖ್ಯೆ ಏರುತ್ತದೆಂದು ನನಗೆ ಗೊತ್ತು, ಹಾಗಾಗಿಯೇ ಮೊದಲು ಹಾಕುತ್ತೇನೆ. ಬದುಕೇ ಬದಲಾಗುತ್ತದೆಂದು ಹೇಳುವವರ ಮಾತನ್ನು ನಾನು ಒಪ್ಪುವುದಿಲ್ಲ. ಅನೇಕ ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದವರೂ ಪರಿಣಾಮ ಸಾಧಾರಣ ಪ್ರಮಾಣದ್ದೆಂದೇ ಹೇಳಿದ್ದಾರೆ. ಇಷ್ಟು ಕಡಿಮೆ ಖರ್ಚಿಗೆ, ವಾರಕ್ಕೆ ಅರ್ಧ ಗಂಟೆಗೆ, ಒಂದೂವರೆ ಅಂಕದ ಏರಿಕೆ ನನಗೆ ದೊಡ್ಡದೇ. ಅಂಕದಲ್ಲಿ ಕಾಣದ ಇನ್ನೊಂದು ಲಾಭವೆಂದರೆ ಮನೆಯ ಮಾತುಕತೆ ಬದಲಾದದ್ದು: ಚೀಟಿಯಲ್ಲಿ ಗುರುತು ಮಾಡಿಕೊಂಡದ್ದನ್ನು ಅವತ್ತೇ ಬಾಯಿಬಿಟ್ಟು ಹೇಳುವ ರೂಢಿ ಬಂದಿದೆ, ಮೊದಲು ಅಂಥ ಮಾತು ನನ್ನ ಬಾಯಿಂದ ಹೊರಡುತ್ತಲೇ ಇರಲಿಲ್ಲ.

ಹಳೆಯ ಪುಟಗಳನ್ನು ಮರಳಿ ಓದುವುದಕ್ಕೂ ಒಂದು ಸರದಿ ಇದೆ, ಯಾವುದನ್ನು ಯಾವಾಗ ತೆರೆಯುತ್ತೇನೆಂಬುದು ನನ್ನ ಇನ್ನೊಂದು ಗುಟ್ಟು. ಸುಮ್ಮನೆ ಮೊದಲ ಪುಟದಿಂದ ಓದುತ್ತಾ ಹೋದರೆ ಬೇಸರ ಬರುತ್ತದೆ ಎಂಬುದನ್ನು ಮಾತ್ರ ಹೇಳಬಲ್ಲೆ. ಸದ್ಯ ಮನೆಯವರೂ ನಾನೂ ಒಂದೇ ಪುಸ್ತಕದ ಎಡ ಬಲ ಪುಟಗಳಲ್ಲಿ ಬರೆಯುವ ಪ್ರಯೋಗ ಶುರುವಾಗಿದೆ. ಒಬ್ಬರು ಬರೆದದ್ದನ್ನು ಇನ್ನೊಬ್ಬರು ತಿಂಗಳ ಕೊನೆಯವರೆಗೆ ಓದಬಾರದೆಂಬುದು ಅವರು ಹಾಕಿದ ಷರತ್ತು, ನಾನು ಒಪ್ಪಿದ್ದೇನೆ. ಇದರಿಂದ ಬರಹ ಹೆಚ್ಚು ಪ್ರಾಮಾಣಿಕವಾಗುತ್ತದೆಯೋ, ಓದುವವರ ನೆನಪಿನಲ್ಲಿ ನಯವಾಗುತ್ತದೆಯೋ ಎಂಬುದು ಇನ್ನು ಐದಾರು ತಿಂಗಳಲ್ಲಿ ತಿಳಿಯುತ್ತದೆ.