ಪ್ಲಾಟಿನಂ ಕಣಗಳನ್ನು ಅಳೆಯುವ ಕೆಲಸ: ನನ್ನ ಅನುಭವ

ಹೈಡ್ರೋಜನ್ ಮತ್ತು ಆಕ್ಸಿಜನ್ ಸೇರಿ ನೀರಾಗುವಾಗ ಕರೆಂಟ್ ಕೊಡುವ ಫ್ಯೂಯೆಲ್ ಸೆಲ್‌ನಲ್ಲಿ ಹೈಡ್ರೋಜನ್ ಕಡೆಯ ಕೆಲಸ ಸಲೀಸು. ತಲೆನೋವೆಲ್ಲ ಆಕ್ಸಿಜನ್ ಕಡೆಯದು. ಆಕ್ಸಿಜನ್ ನೀರಾಗುವ ಕ್ರಿಯೆ ಎಷ್ಟು ನಿಧಾನ ಅಂದರೆ, ಪ್ಲಾಟಿನಂ ಹಾಕಿದರೂ 0.3 ವೋಲ್ಟ್‌ನಷ್ಟು ಅಲ್ಲೇ ಪೋಲಾಗುತ್ತದೆ. ಆ ಪ್ಲಾಟಿನಂ ಎಷ್ಟು ಚುರುಕು ಅಂತ ಅಳೆಯುವುದೇ ಬೆಂಗಳೂರಿನ ಲ್ಯಾಬ್‌ನಲ್ಲಿ ನನ್ನ ಕೆಲಸ. ಕಣ ತಯಾರಿಸುವವರು ಬೇರೆ. ನನ್ನ ಕೈಗೆ ಬರುವುದು ಒಂದು ಕರಿ ಪುಡಿ: ಕಾರ್ಬನ್ ಮೇಲೆ ಕೂತ, 3 ನ್ಯಾನೋಮೀಟರ್ ಆಸುಪಾಸಿನ ಪ್ಲಾಟಿನಂ.

ಮೊದಲು ಇಂಕ್. ಪುಡಿಗೆ ನೀರು, ಐಸೊಪ್ರೊಪನಾಲ್, ಅಂಟಿನಂತೆ ಹಿಡಿದಿಡುವ ನಾಫಿಯಾನ್ ಎಂಬ ಪಾಲಿಮರ್ ಚೂರು ಬೆರೆಸಿ, ಶಬ್ದದ ಅಲೆಗಳಿಂದ ಕಲಕುವ ಸೋನಿಕೇಟರ್‌ನಲ್ಲಿ ಇಡುತ್ತೇನೆ. ತೊಟ್ಟಿಗೆ ಐಸ್ ಹಾಕುತ್ತಲೇ ಇರಬೇಕು, ಬಿಸಿಯಾದರೆ ಇಂಕ್ ಕೆಡುತ್ತದೆ. 5 ಮಿಲಿಮೀಟರ್ ಅಗಲದ ಗ್ಲಾಸಿ ಕಾರ್ಬನ್ ಡಿಸ್ಕನ್ನು 0.05 ಮೈಕ್ರಾನ್ ಅಲ್ಯುಮಿನಾದಲ್ಲಿ ಕನ್ನಡಿಯಾಗುವ ತನಕ ಉಜ್ಜಿ, ಅದರ ಮೇಲೆ 10 ಮೈಕ್ರೊಲೀಟರ್ ಹನಿ ಬಿಡುತ್ತೇನೆ. ಸುಮ್ನೆ ಒಣಗಲು ಬಿಟ್ಟರೆ ಕಾಫಿ ಲೋಟ ಇಟ್ಟ ಜಾಗದ ಕಲೆ ಥರ ಅಂಚಿನಲ್ಲಿ ದಪ್ಪ ಉಂಗುರ, ನಡುವೆ ಬೋಳು. ಈ ಡಿಸ್ಕ್ ಇರುವ ಎಲೆಕ್ಟ್ರೋಡನ್ನು ತಲೆಕೆಳಗಾಗಿ ಸಿಕ್ಕಿಸಿ, ನಿಮಿಷಕ್ಕೆ 700 ಸುತ್ತು ತಿರುಗಿಸುತ್ತಾ ಒಣಗಿಸಿದರೆ ಪದರ ಸಮನಾಗಿ ಕೂರುತ್ತದೆ. ಇದೇನು ಚಿಕ್ಕ ವಿಷಯ ಅಲ್ಲ. ಪದರ ಕೆಟ್ಟರೆ ಒಳ್ಳೆಯ ಕಣವೂ ಸೋಮಾರಿಯಂತೆ ಕಾಣುತ್ತದೆ.

ನಂತರ 0.1 ಮೋಲಾರ್ ಪರ್ಕ್ಲೋರಿಕ್ ಆಮ್ಲದಲ್ಲಿ, ಆರ್ಗಾನ್ ಅನಿಲ ಹಾಯಿಸಿ, ಸಿವಿ (ಸೈಕ್ಲಿಕ್ ವೋಲ್ಟಮೆಟ್ರಿ), ಅಂದರೆ ವೋಲ್ಟೇಜನ್ನು ಏರಿಸಿ ಇಳಿಸುತ್ತಾ ಕರೆಂಟಿನ ಗೆರೆ ಬರೆಯುವುದು. ವೋಲ್ಟೇಜ್ ಹೋಗಿ ಬರುವಾಗ 0.05ರಿಂದ 0.4 ವೋಲ್ಟ್ ನಡುವೆ ಎರಡು ಉಬ್ಬು ಕಾಣುತ್ತವೆ. ಹೈಡ್ರೋಜನ್ ಪರಮಾಣುಗಳು ಪ್ಲಾಟಿನಂ ಮೇಲೆ ಒಂದೇ ಪದರವಾಗಿ ಕೂತು ಏಳುವುದು ಅಲ್ಲಿ. ನನಗೆ ಇಡೀ ಪ್ರಯೋಗದಲ್ಲಿ ಇದೇ ಇಷ್ಟದ ಭಾಗ. ಉಬ್ಬಿನ ಕೆಳಗಿನ ಚಾರ್ಜನ್ನು, ಚದರ ಸೆಂಟಿಮೀಟರಿಗೆ 210 ಮೈಕ್ರೊಕೂಲಂಬ್ ಎಂಬ ಲೆಕ್ಕದಲ್ಲಿ ಭಾಗಿಸಿದರೆ ನಿಜವಾಗಿ ಕೆಲಸಕ್ಕೆ ಸಿಗುವ ಪ್ಲಾಟಿನಂ ಎಷ್ಟು ಅಂತ ಗೊತ್ತಾಗುತ್ತದೆ. ಡಿಸ್ಕ್ ಮೇಲಿರುವುದು ಬರೀ 4 ಮೈಕ್ರೊಗ್ರಾಂ ಪ್ಲಾಟಿನಂ ಅಂದುಕೊಳ್ಳಿ. ಚಾರ್ಜ್ 590 ಮೈಕ್ರೊಕೂಲಂಬ್ ಬಂದರೆ ಮೇಲ್ಮೈ 2.8 ಚದರ ಸೆಂಟಿಮೀಟರ್. ಡಿಸ್ಕ್ ಇರುವುದೋ 0.2 ಚದರ ಸೆಂಟಿಮೀಟರ್ ಕೂಡ ಇಲ್ಲ! ಗ್ರಾಂ ಲೆಕ್ಕದಲ್ಲಿ ಇದು 70 ಚದರ ಮೀಟರ್. 3 ನ್ಯಾನೋಮೀಟರ್ ಗೋಲಿಗಳು ಪೂರ್ತಿ ಬಿಡಿಬಿಡಿಯಾಗಿದ್ದರೆ 93 ಬರಬೇಕಿತ್ತು. ಉಳಿದದ್ದು ಕಾರ್ಬನ್‌ಗೆ ಅಂಟಿದ, ಒಂದಕ್ಕೊಂದು ಮೆತ್ತಿಕೊಂಡ ಭಾಗ.

ಸಿವಿ ಇನ್ನೊಂದನ್ನೂ ಹೇಳುತ್ತದೆ: ಗಾಜಿನ ಪಾತ್ರೆ ಶುದ್ಧವಾಗಿದೆಯಾ? ಕ್ಲೋರೈಡ್ ಚೂರು ಸೇರಿದರೂ ಅದು ಪ್ಲಾಟಿನಂ ಮೇಲೆ ಜಾಗ ಹಿಡಿದು ಕೂರುತ್ತದೆ. ಗೆರೆಯಲ್ಲಿ ಪ್ಲಾಟಿನಂ ಆಕ್ಸೈಡ್ ಶುರುವಾಗುವ ಜಾಗ ಬಲಕ್ಕೆ, ಹೆಚ್ಚು ವೋಲ್ಟೇಜ್ ಕಡೆಗೆ, ಸರಿಯುತ್ತದೆ; ಆಕ್ಸಿಜನ್ ಪೂರ್ತಿ ನೀರಾಗದೆ ಪೆರಾಕ್ಸೈಡ್ ಜಾಸ್ತಿ ಹುಟ್ಟುತ್ತದೆ. ಅದಕ್ಕೇ ವೋಲ್ಟೇಜ್ ಅಳೆಯಲು ಹೋಲಿಕೆಗೆ ಇಡುವ ಎಲೆಕ್ಟ್ರೋಡ್‌ಗಳಲ್ಲಿ (ರೆಫರೆನ್ಸ್) ಸಿಲ್ವರ್ ಕ್ಲೋರೈಡಿನದನ್ನು ನಾನು ಹತ್ತಿರ ಸೇರಿಸುವುದಿಲ್ಲ, ಹೈಡ್ರೋಜನ್ ರೆಫರೆನ್ಸೇ ಬಳಸುತ್ತೇನೆ. ಸೆಲ್ಲನ್ನು ಆಮ್ಲದಲ್ಲಿ ನೆನೆಸಿ, 18.2 ಮೆಗಾಓಮ್‌ನ ಅತಿಶುದ್ಧ ನೀರಿನಲ್ಲಿ ಮತ್ತೆ ಮತ್ತೆ ಕುದಿಸುತ್ತೇನೆ. ದಿನದ ಅರ್ಧ ಪಾತ್ರೆ ತೊಳೆಯುವುದರಲ್ಲೇ ಹೋಗುತ್ತದೆ, ಮನೆಯವರು ನಗುತ್ತಾರೆ.

ಆಮೇಲೆ ಆಮ್ಲಕ್ಕೆ ಆಕ್ಸಿಜನ್ ತುಂಬಿ, ಡಿಸ್ಕನ್ನು ನಿಮಿಷಕ್ಕೆ 1600 ಸುತ್ತು ತಿರುಗಿಸುತ್ತಾ ಅಳತೆ. ಇಲ್ಲಿ ನಮ್ಮೂರಿನ ಒಂದು ತಮಾಷೆ ಇದೆ. ಪುಸ್ತಕದ ಪ್ರಕಾರ ಕರೆಂಟ್ ಚದರ ಸೆಂಟಿಮೀಟರಿಗೆ 5.7ರಿಂದ 6 ಮಿಲಿಆಂಪಿಯರ್ ಹತ್ತಿರ ಬಂದು ನಿಲ್ಲಬೇಕು. ಇಲ್ಲಿ ಅದಕ್ಕಿಂತ ಕಡಿಮೆಗೇ ನಿಲ್ಲುತ್ತದೆ. ಹೊಸಬರು ಪದರ ಕೆಟ್ಟಿದೆ ಅಂತ ಗಾಬರಿಯಾಗುತ್ತಾರೆ. ಬೆಂಗಳೂರು ಸಮುದ್ರ ಮಟ್ಟದಿಂದ ಸುಮಾರು 900 ಮೀಟರ್ ಮೇಲಿದೆ, ಅಲ್ವಾ? ಗಾಳಿಯ ಒತ್ತಡವೇ ಶೇ. 10ರಷ್ಟು ಕಡಿಮೆ. ಆಮ್ಲದಲ್ಲಿ ಕರಗುವ ಆಕ್ಸಿಜನ್ನೂ ಅಷ್ಟೇ ಕಡಿಮೆ, ಕರೆಂಟೂ ಅಷ್ಟೇ ಕಡಿಮೆ. ಮಂಗಳೂರಿನಲ್ಲಿ ಅಳೆದವರ ಅಂಕಿ ಜೊತೆ ಹೋಲಿಸುವ ಮೊದಲು ಈ ತಿದ್ದುಪಡಿ ಮಾಡಲೇಬೇಕು. ಅಂದಿನ ಒತ್ತಡವನ್ನು ನೋಟ್‌ಬುಕ್‌ನಲ್ಲಿ ಬರೆಯದೆ ನಾನು ಪ್ರಯೋಗ ಶುರು ಮಾಡುವುದಿಲ್ಲ.

ಕೊನೆಯದು ಬಾಳಿಕೆ. ವೋಲ್ಟೇಜನ್ನು 0.6ರಿಂದ 1.0 ವೋಲ್ಟ್ ನಡುವೆ ಸಾವಿರಾರು ಸಲ ಏರಿಸಿ ಇಳಿಸುತ್ತೇನೆ. ಸಣ್ಣ ಕಣ ಕರಗಿ ದೊಡ್ಡದರ ಮೇಲೆ ಕೂರುತ್ತದೆ, ಕೆಲವು ಒಂದಾಗುತ್ತವೆ, ಕೆಲವು ಕಾರ್ಬನ್ ಬಿಟ್ಟು ಕಳಚಿ ಹೋಗುತ್ತವೆ. ಮೇಲ್ಮೈ ಇಳಿಯುತ್ತದೆ. ಆದರೆ ಉಳಿದ ಮೇಲ್ಮೈಯ ಪ್ರತಿ ಚದರ ಸೆಂಟಿಮೀಟರಿನ ಚುರುಕು ಎಷ್ಟೋ ಸಲ ಏರುತ್ತದೆ. ತೀರಾ ಸಣ್ಣ ಕಣ ಆಕ್ಸಿಜನ್ನನ್ನು ಗಟ್ಟಿಯಾಗಿ ಹಿಡಿದುಕೊಳ್ಳುತ್ತದೆ, ಸುಲಭಕ್ಕೆ ಬಿಟ್ಟುಕೊಡುವುದಿಲ್ಲ; ಬೆಳೆದ ಮೇಲೆ ಹಿಡಿತ ಸ್ವಲ್ಪ ಸಡಿಲವಾಗುತ್ತದೆ. ಇದನ್ನಷ್ಟೇ ತೋರಿಸಿ "ಬಳಸಿದಷ್ಟೂ ಉತ್ತಮ" ಅಂತ ಬರೆದ ವರದಿಗಳನ್ನು ನೋಡಿದರೆ ನನಗೆ ಕಿರಿಕಿರಿ. ಪ್ಲಾಟಿನಂ ಕೊಳ್ಳುವವರು ದುಡ್ಡು ಕೊಡುವುದು ಗ್ರಾಂ ಲೆಕ್ಕದಲ್ಲಿ. ನನ್ನ ವರದಿಯಲ್ಲಿ 0.9 ವೋಲ್ಟ್‌ನ ಕರೆಂಟನ್ನು ಚದರ ಸೆಂಟಿಮೀಟರಿಗೂ ಮಿಲಿಗ್ರಾಂಗೂ ಎರಡಕ್ಕೂ ಕೊಡುತ್ತೇನೆ, ಪಕ್ಕದಲ್ಲಿ ಮೊದಲ ದಿನದ ಸಿವಿ ಮತ್ತು ಕೊನೆಯ ಸಿವಿ ಒಂದರ ಮೇಲೊಂದು ಹಾಕಿ.