ಮೊದಲ ಎಂಟು ವಾರ: ಹೊಸ ದೇಶದಲ್ಲಿ ಕಾಗದದ ಗಂಟು ಬಿಚ್ಚುವ ಕ್ರಮ

ಪರದೇಶಕ್ಕೆ ಹೊರಟವರಿಗೆ ಚಳಿ, ಭಾಷೆ, ಒಂಟಿತನದ ಬಗ್ಗೆ ಎಲ್ಲರೂ ಎಚ್ಚರಿಕೆ ಹೇಳುತ್ತಾರೆ. ಮೊದಲ ಎರಡು ತಿಂಗಳು ತಲೆ ತಿನ್ನುವುದು ಮಾತ್ರ ಬೇರೆಯೇ. ಬ್ಯಾಂಕ್ ಖಾತೆ ತೆರೆಯಲು ವಿಳಾಸದ ಪುರಾವೆ ಬೇಕು. ಮನೆ ಬಾಡಿಗೆಗೆ ಸಿಗಲು ಬ್ಯಾಂಕ್ ಖಾತೆ, ಸಂಬಳದ ಚೀಟಿ ಬೇಕು. ಸಂಬಳಕ್ಕೆ ತೆರಿಗೆ ಸಂಖ್ಯೆ ಬೇಕು, ಆ ಸಂಖ್ಯೆಯ ಪತ್ರ ಅಂಚೆಯಲ್ಲಿ ಬರಲು ಮತ್ತೆ ವಿಳಾಸವೇ ಬೇಕು. ಹುಚ್ಚು ಬಿಡೋವರೆಗೂ ಮದುವೆ ಆಗಲ್ಲ, ಮದುವೆ ಆಗೋವರೆಗೂ ಹುಚ್ಚು ಬಿಡಲ್ಲ ಅನ್ನುವ ಹಾಗೆ. ಈ ಗಂಟನ್ನು ಬಿಚ್ಚಿ ನೋಡಿದ ಮೇಲೆ ನನಗೆ ಖಾತ್ರಿಯಾದದ್ದು ಒಂದೇ: ವಿಳಾಸದ ತುದಿ ಹಿಡಿದು ಎಳೆದರೆ ಉಳಿದದ್ದು ಸಡಿಲವಾಗುತ್ತದೆ. ಬೇರೆ ಯಾವ ತುದಿ ಎಳೆದರೂ ಬಿಗಿಯಾಗುತ್ತದೆ.

ಆದರೆ ಹೊರಡುವ ಮೊದಲೇ ಮುಗಿಸಬೇಕಾದದ್ದು ಹೆಸರಿನ ಕೆಲಸ. ಪಾಸ್‌ಪೋರ್ಟಿನ ಫೋಟೋ ಪುಟದ ಕೆಳಗೆ ಬಾಣದ ಗುರುತು ತುಂಬಿದ ಎರಡು ಸಾಲು ಇರುತ್ತವೆ, ಸಾಲಿಗೆ 44 ಅಕ್ಷರ. ಯಂತ್ರ ಓದುವುದು ಅದನ್ನು. ಮೇಲಿನ ಸಾಲಿನಲ್ಲಿ ದೇಶದ ಸಂಕೇತವಾದ ಮೇಲೆ ಮೊದಲು ಸರ್‌ನೇಮ್, ಎರಡು ಬಾಣ ದಾಟಿದ ಮೇಲೆ ಗಿವನ್ ನೇಮ್. ಅರ್ಜಿ ಯಾವುದೇ ಇರಲಿ, ಆ ಸಾಲಿನಲ್ಲಿ ಇರುವ ಹಾಗೆಯೇ ಬರೆಯುತ್ತೇನೆ. ಪದವಿ ಪ್ರಮಾಣಪತ್ರದಲ್ಲಿ ಇನಿಷಿಯಲ್, ಪಾಸ್‌ಪೋರ್ಟಿನಲ್ಲಿ ಅದರ ಪೂರ್ತಿ ರೂಪ ಇದ್ದರೆ, ಇಬ್ಬರೂ ಒಬ್ಬರೇ ಎಂದು ಹೇಳುವ ಅಫಿಡವಿಟ್ಟನ್ನು ಊರಲ್ಲಿರುವಾಗಲೇ ಮಾಡಿಸಿಕೊಳ್ಳಬೇಕು. ಸರ್‌ನೇಮ್ ಕಾಲಂ ಖಾಲಿ ಇರುವವರ ಪಾಡು ಇನ್ನೂ ಕಷ್ಟ. ಅಮೆರಿಕದ ವೀಸಾದಲ್ಲಿ ಅಂಥವರ ಒಂಟಿ ಹೆಸರು ಸರ್‌ನೇಮ್ ಜಾಗಕ್ಕೆ ಹೋಗಿ, ಹೆಸರಿನ ಜಾಗದಲ್ಲಿ ‘ಎಫ್‌ಎನ್‌ಯು’ ಎಂದು ಅಚ್ಚಾಗುತ್ತದೆ, ಅಂದರೆ ಹೆಸರು ಗೊತ್ತಿಲ್ಲ ಎಂದು. ಅದು ಮುಂದೆ ಬ್ಯಾಂಕ್ ಕಾರ್ಡಿಗೂ ಸಂಬಳದ ಚೀಟಿಗೂ ಅಂಟಿಕೊಂಡು ಬರುತ್ತದೆ. ಎರಡು ಕಾಲಮ್ಮೂ ತುಂಬಿದ ಪಾಸ್‌ಪೋರ್ಟ್ ಮಾಡಿಸಿಕೊಂಡು ಆಮೇಲೆ ವೀಸಾಕ್ಕೆ ಹಾಕುವುದು ವಾಸಿ. ತಡವಾದರೂ ಸರಿ.

ಜನನ, ಮದುವೆ, ಪದವಿಯ ಪ್ರಮಾಣಪತ್ರಗಳಿಗೆ ಅಪೊಸ್ಟಿಲ್, ಅಂದರೆ ಹೊರದೇಶದಲ್ಲಿ ಒಪ್ಪುವ ಸರ್ಕಾರಿ ದೃಢೀಕರಣದ ಮುದ್ರೆ, ಹಾಕಿಸಿಕೊಳ್ಳಬೇಕು. 1961ರ ಹೇಗ್ ಒಪ್ಪಂದಕ್ಕೆ ಸೇರಿದ ದೇಶಗಳ ನಡುವೆ, ಒಂದು ಇನ್ನೊಂದರ ಸೇರ್ಪಡೆಗೆ ಆಕ್ಷೇಪಿಸಿರದಿದ್ದರೆ, ಇದೊಂದೇ ಮುದ್ರೆ ಸಾಕು, ಸೇರದ ಅಥವಾ ಆಕ್ಷೇಪಿಸಿದ ದೇಶವಾದರೆ ರಾಯಭಾರ ಕಚೇರಿಯ ದೃಢೀಕರಣ ಬೇಕು. ಒಪ್ಪಂದ ಚೀನಾದಲ್ಲಿ 2023ರಲ್ಲಿ, ಕೆನಡಾದಲ್ಲಿ 2024ರಲ್ಲಿ ಜಾರಿಗೆ ಬಂತು, ಹಾಗಾಗಿ ಹಳೆಯ ಸಲಹೆ ನಂಬಿ ಓಡಾಡಬೇಡಿ. ಅಪೊಸ್ಟಿಲ್ ಖಾತ್ರಿ ಕೊಡುವುದು ಸಹಿಗೆ ಮತ್ತು ಮುದ್ರೆಗೆ ಮಾತ್ರ, ಒಳಗೆ ಬರೆದದ್ದಕ್ಕಲ್ಲ. ಜನರು ಎಡವುವುದು ಕ್ರಮದಲ್ಲಿ. ಮೊದಲು ಅಪೊಸ್ಟಿಲ್, ಆಮೇಲೆ ಅನುವಾದ. ತಿರುಗುಮುರುಗಾದರೆ ಅಪೊಸ್ಟಿಲ್ ಹಾಳೆಯ ಅನುವಾದ ಇಲ್ಲವೆಂದು ಕಡತ ವಾಪಸ್ ಬರುತ್ತದೆ. ಅನುವಾದವನ್ನು ಹೋಗುವ ದೇಶದಲ್ಲಿ ಮಾನ್ಯತೆ ಇರುವವರಿಂದಲೇ ಮಾಡಿಸುವುದು ಕ್ಷೇಮ. ಜನನ ಪ್ರಮಾಣಪತ್ರ ಮೂರೋ ಆರೋ ತಿಂಗಳೊಳಗೆ ಕೊಟ್ಟ ಹೊಸ ಪ್ರತಿಯೇ ಆಗಬೇಕೆಂದು ಕೇಳುವ ಕಚೇರಿಗಳೂ ಇವೆ.

ಇನ್ನೊಂದು ಚಿಕ್ಕ ಕೆಲಸ, ಮರೆತರೆ ದೊಡ್ಡ ತೊಂದರೆ. ಹಳೆಯ ದೇಶದ ಬ್ಯಾಂಕಿನ ಒಟಿಪಿ ಹಳೆಯ ಸಿಮ್ಮಿಗೇ ಬರುತ್ತದೆ. ಆ ಸಿಮ್ ಹೊರದೇಶದಲ್ಲಿ ಸಂದೇಶ ಪಡೆಯುತ್ತದೆಯೇ ಎಂದು ಹೊರಡುವ ಮೊದಲೇ ರೋಮಿಂಗ್ ಹಾಕಿಸಿ ನೋಡಿಕೊಳ್ಳಿ. ರೀಚಾರ್ಜ್ ಅವಧಿ ಮುಗಿದು ನಂಬರ್ ಬೇರೆಯವರ ಪಾಲಾದರೆ ಖಾತೆಯಲ್ಲಿ ದುಡ್ಡಿದ್ದೂ ಕೈ ಕಟ್ಟಿ ಕೂರಬೇಕು. ಫೋನಿನಲ್ಲಿ ಎರಡು ಸಿಮ್ ಜಾಗವಿದ್ದರೆ ಒಂದು ಹಳೆಯದಕ್ಕೇ ಮೀಸಲು.

ಈಗ ವಿಳಾಸ. ದೀರ್ಘಾವಧಿಯ ಮನೆಯನ್ನು ಕಣ್ಣಾರೆ ನೋಡದೆ ಗೊತ್ತು ಮಾಡುವುದಿಲ್ಲ, ಮುಂಗಡವನ್ನೂ ಕಳಿಸುವುದಿಲ್ಲ. ಚೆಂದದ ಫೋಟೋ, ಮಾರುಕಟ್ಟೆಗಿಂತ ಕಡಿಮೆ ಬಾಡಿಗೆ, ಮಾಲೀಕರು ಬೇರೆ ದೇಶದಲ್ಲಿದ್ದಾರೆ, ಹಣ ಬಂದ ಮೇಲೆ ಕೀಲಿ ಅಂಚೆಯಲ್ಲಿ: ಈ ನಾಲ್ಕು ಒಟ್ಟಿಗೆ ಬಂದರೆ ಅದು ಮೋಸ, ಇನ್ನು ಪರೀಕ್ಷೆ ಬೇಡ. ಬದಲಿಗೆ ನಾಲ್ಕರಿಂದ ಆರು ವಾರಕ್ಕೆ ತಾತ್ಕಾಲಿಕ ಕೋಣೆ ಹಿಡಿಯುತ್ತೇನೆ. ಬುಕ್ ಮಾಡುವ ಮೊದಲು ಬರಹದಲ್ಲಿ ಕೇಳುವ ಪ್ರಶ್ನೆ ಒಂದೇ: ಈ ವಿಳಾಸದಲ್ಲಿ ನನ್ನ ಹೆಸರು ನೋಂದಾಯಿಸಲು ಪತ್ರ ಕೊಡುತ್ತೀರಾ? ಹೋಟೆಲುಗಳು, ಅಲ್ಪಾವಧಿ ಮನೆಗಳು ಬಹಳಷ್ಟು ಸಲ ಕೊಡುವುದಿಲ್ಲ. ಕೊಡದಿದ್ದರೆ ಎಷ್ಟೇ ಅಗ್ಗವಾದರೂ ಆ ಆರು ವಾರ ದಂಡ.

ಜರ್ಮನಿಯಲ್ಲಿ ಇದರ ಬಿಗಿ ರೂಪ ಕಾಣುತ್ತದೆ. ಮನೆ ಹೊಕ್ಕ ಎರಡು ವಾರದೊಳಗೆ ‘ಆನ್‌ಮೆಲ್ಡುಂಗ್’ ಎಂಬ ನೋಂದಣಿ ಆಗಬೇಕು. ಬಾಡಿಗೆ ಕರಾರು ತೋರಿಸಿದರೆ ಸಾಲದು, ಮನೆ ಕೊಟ್ಟವರು ಸಹಿ ಹಾಕಿದ ಪ್ರತ್ಯೇಕ ದೃಢೀಕರಣ ಪತ್ರ ಬೇಕು. ತೆರಿಗೆ ಸಂಖ್ಯೆ ಆಮೇಲೆ ತಾನಾಗಿ ಅಂಚೆಯಲ್ಲಿ ಬರುತ್ತದೆ. ಬರುತ್ತದೆ ಅಂದೆ, ಆದರೆ ಅಂಚೆಪೆಟ್ಟಿಗೆಯ ಮೇಲೆ ನಿಮ್ಮ ಹೆಸರಿದ್ದರೆ ಮಾತ್ರ. ಅಲ್ಲಿ ವಿಳಾಸಕ್ಕೆ ಫ್ಲ್ಯಾಟ್ ನಂಬರ್ ಬರೆಯುವ ರೂಢಿ ಕಡಿಮೆ, ಅಂಚೆಯವರು ಹೆಸರು ನೋಡಿ ಹಾಕುತ್ತಾರೆ, ಹೆಸರಿಲ್ಲದಿದ್ದರೆ ಪತ್ರ ಹಿಂದಕ್ಕೆ ಹೋಗುತ್ತದೆ. ಬ್ಯಾಂಕ್ ಕಾರ್ಡ್, ಅದರ ಪಿನ್ ಎರಡೂ ಬೇರೆ ಬೇರೆ ಲಕೋಟೆಯಲ್ಲಿ ಬರುವುದರಿಂದ ಎರಡೂ ಹಿಂದಕ್ಕೆ. ಕೀಲಿ ಕೈಗೆ ಬಂದ ದಿನವೇ ಒಂದು ಚೂರು ಕಾಗದದ ಮೇಲೆ ಪಾಸ್‌ಪೋರ್ಟಿನ ಕಾಗುಣಿತದಲ್ಲೇ ಹೆಸರು ಬರೆದು, ಪಾರದರ್ಶಕ ಟೇಪಿನಿಂದ ಪೆಟ್ಟಿಗೆಗೂ ಕರೆಗಂಟೆಗೂ ಅಂಟಿಸುವುದು. ಎಂಟು ವಾರದಲ್ಲಿ ಅತಿ ಕಡಿಮೆ ಖರ್ಚಿನ, ಅತಿ ಹೆಚ್ಚು ಫಲದ ಕೆಲಸ ಇದು.

ವಿಳಾಸ ಬಂದ ಮೇಲೆ ಬ್ಯಾಂಕ್. ಐರೋಪ್ಯ ಒಕ್ಕೂಟದಲ್ಲಿ ಕಾನೂನುಬದ್ಧವಾಗಿ ನೆಲೆಸಿದವರಿಗೆ ಮೂಲಭೂತ ಪಾವತಿ ಖಾತೆಯ ಹಕ್ಕಿದೆ. 2014ರ ನಿರ್ದೇಶನದ ಪ್ರಕಾರ ಸ್ಥಿರ ವಿಳಾಸ ಇಲ್ಲದವರಿಗೂ ಇದೆ. ಪೂರ್ತಿ ಅರ್ಜಿ ಕೈಸೇರಿದ 10 ಕೆಲಸದ ದಿನಗಳೊಳಗೆ ಬ್ಯಾಂಕು ಖಾತೆ ತೆರೆಯಬೇಕು, ಇಲ್ಲ ನಿರಾಕರಿಸಬೇಕು. ಕೌಂಟರಿನಲ್ಲಿ ‘ಸಾಮಾನ್ಯ ಖಾತೆ’ ಕೇಳಿದರೆ ಸಂಬಳದ ಚೀಟಿ ಎಲ್ಲಿ ಎನ್ನುತ್ತಾರೆ. ಮೂಲಭೂತ ಖಾತೆ ಎಂದು ಆ ದೇಶದ ಭಾಷೆಯ ಹೆಸರಿನಿಂದಲೇ ಕೇಳಬೇಕು, ತಾವಾಗಿ ಹೇಳುವವರು ಕಡಿಮೆ.

ತೆರಿಗೆ ಸಂಖ್ಯೆಗೆ ಆತುರವೂ ಬೇಡ, ಆಲಸ್ಯವೂ ಬೇಡ. ಅಮೆರಿಕದಲ್ಲಿ ಇಳಿದ ಮರುದಿನವೇ, ತೆರಿಗೆಗೂ ಬಳಕೆಯಾಗುವ ಸಂಖ್ಯೆ ಕೊಡುವ ಸೋಷಿಯಲ್ ಸೆಕ್ಯುರಿಟಿ ಕಚೇರಿಗೆ ಓಡಿದರೆ ನಿಮ್ಮ ಪ್ರವೇಶದ ದಾಖಲೆ ಅವರ ಕಂಪ್ಯೂಟರಿಗೆ ಇನ್ನೂ ಬಂದಿರುವುದಿಲ್ಲ, ಅರ್ಜಿ ತೂಗಿಬೀಳುತ್ತದೆ. ವಿದೇಶಿ ವಿದ್ಯಾರ್ಥಿಗಳಿಗೆ ಆ ಇಲಾಖೆಯೇ 10 ದಿನ ಕಾಯಲು ಹೇಳುತ್ತದೆ. ಆಸ್ಟ್ರೇಲಿಯಾದಲ್ಲಿ ಕೆಲಸಕ್ಕೆ ಸೇರಿದ 28 ದಿನದೊಳಗೆ ತೆರಿಗೆ ಸಂಖ್ಯೆ ಕೊಡದಿದ್ದರೆ ಸಂಬಳದಿಂದ ಅತಿ ಹೆಚ್ಚಿನ ದರದಲ್ಲಿ ಮುರಿದುಕೊಳ್ಳುತ್ತಾರೆ. ಆ ದುಡ್ಡು ಮುಳುಗುವುದಿಲ್ಲ, ರಿಟರ್ನ್ ಹಾಕಿದ ಮೇಲೆ ಬರುತ್ತದೆ. ಆದರೆ ಕೈ ಖಾಲಿ ಇರುವುದು ಮೊದಲ ತಿಂಗಳಲ್ಲೇ ತಾನೆ?

ಸಾಲದ ಚರಿತ್ರೆ ಗಡಿ ದಾಟುವುದಿಲ್ಲ ಎಂದೇ ತಿಳಿದು ಸಿದ್ಧರಾಗಿ. ಹಳೆಯ ದೇಶದಲ್ಲಿ ಇಪ್ಪತ್ತು ವರ್ಷ ಒಂದು ಕಂತೂ ತಪ್ಪಿಸದವರು ಇಲ್ಲಿ ಸೊನ್ನೆ. ಅಮೆರಿಕ, ಕೆನಡಾಗಳಲ್ಲಿ ಸೊನ್ನೆಯಿಂದ ಮೇಲೇಳಲು ಸೆಕ್ಯೂರ್ಡ್ ಕ್ರೆಡಿಟ್ ಕಾರ್ಡ್ ದಾರಿ: ಠೇವಣಿ ಇಟ್ಟಷ್ಟು ಮಿತಿ. ಮಿತಿಯ 30% ದಾಟದಂತೆ ಬಳಸಿ, ಬಿಲ್ಲನ್ನು ಪೂರ್ತಿ ಕಟ್ಟುತ್ತ ಹೋಗಬೇಕು. ಕನಿಷ್ಠ ಮೊತ್ತ ಕಟ್ಟಿದರೆ ಸಾಕೆಂಬುದು ಬಡ್ಡಿಯವರಿಗೆ ಹಬ್ಬ.

ವೃತ್ತಿಯ ಮಾತು ಚುಟುಕಾಗಿ. ವೈದ್ಯರು, ದಾದಿಯರು, ವಕೀಲರು, ಶಾಲಾ ಶಿಕ್ಷಕರ ಕೆಲಸ ಹೆಚ್ಚಿನ ದೇಶಗಳಲ್ಲಿ ಪರವಾನಗಿ ಬೇಡುವ ವೃತ್ತಿ. ವೀಸಾ ಸಿಕ್ಕಿತೆಂದರೆ ಪರವಾನಗಿ ಸಿಕ್ಕಿತೆಂದಲ್ಲ. ಪಠ್ಯಕ್ರಮದ ವಿವರ, ತರಬೇತಿಯ ಗಂಟೆಗಳ ಲೆಕ್ಕ ಕೇಳುತ್ತಾರೆ. ಇವನ್ನು ಓದಿದ ಕಾಲೇಜಿನಿಂದ ಸಾವಿರಾರು ಮೈಲಿ ದೂರದಿಂದ ತರಿಸುವುದಕ್ಕಿಂತ ಹೊರಡುವ ಮೊದಲೇ ಮುದ್ರೆ ಹಾಕಿಸಿ ತರುವುದು ಮೇಲು.

ಔಷಧಿಯನ್ನು ಮೂಲ ಪೊಟ್ಟಣದಲ್ಲೇ ಒಯ್ಯಿರಿ. ವೈದ್ಯರ ಚೀಟಿಯಲ್ಲಿ ಬ್ರ್ಯಾಂಡ್ ಬದಲು ಜೆನೆರಿಕ್ ಹೆಸರಿರಲಿ, ಅದೇ ಎಲ್ಲೆಡೆ ಅರ್ಥವಾಗುವುದು. ಸಾಮಾನ್ಯ ನೆಗಡಿ ಮಾತ್ರೆಯೂ ಕೆಲವೆಡೆ ಅಪರಾಧ. ಅಂಥ ಮಾತ್ರೆಗಳಲ್ಲಿ ಬಳಸುವ ಸೂಡೋಎಫೆಡ್ರಿನ್ ಅಂಶ 10% ಮೀರಿದ ಔಷಧಿಯನ್ನು ಜಪಾನಿಗೆ ಒಯ್ಯುವಂತಿಲ್ಲ.

ಮನಸ್ಸಿನ ವಿಷಯದಲ್ಲಿ ನನಗೆ ಉಪಯೋಗಕ್ಕೆ ಬಂದದ್ದು ಒಂದು ಲೆಕ್ಕ. ಮಾನವಶಾಸ್ತ್ರಜ್ಞ ಕಲೆರ್ವೊ ಒಬರ್ಗ್ 1960ರಲ್ಲಿ ‘ಕಲ್ಚರ್ ಶಾಕ್’ ಬಗ್ಗೆ, ಅಂದರೆ ಪರ ಸಂಸ್ಕೃತಿಯಲ್ಲಿ ಆಗುವ ತಳಮಳದ ಬಗ್ಗೆ, ಬರೆದಾಗ ಮೊದಲ ಹಂತವನ್ನು ಮಧುಚಂದ್ರ ಎಂದೇ ಕರೆದ, ಕುಸಿತ ಅದರ ನಂತರ. ಎಲ್ಲರಿಗೂ ಅದೇ ಕ್ರಮದಲ್ಲಿ ಆಗುವುದಿಲ್ಲ, ನಿಜ. ಆದರೂ ಕಾಗದದ ಓಟ ಮುಗಿದು ಕೈ ಬಿಡುವಾದ ಕೂಡಲೇ ಮನಸ್ಸು ಬೀಳುವುದು ಅಪರೂಪವೇನಲ್ಲ. ಅದಕ್ಕೇ ಭಾಷಾ ತರಗತಿಗೆ ಮೊದಲ ವಾರವಲ್ಲ, ಏಳನೆಯ ವಾರದಿಂದ ಹೆಸರು ಕೊಡುತ್ತೇನೆ. ವಾರಕ್ಕೆ ಎರಡು ಸಂಜೆ ಮನೆಯಿಂದ ಹೊರಡಲೇಬೇಕಾದ ಕಾರಣ ಒಂದು ಇರುತ್ತದೆ.

ತಾತ್ಕಾಲಿಕ ಕೋಣೆ ಬಿಟ್ಟು ಸ್ವಂತ ಬಾಡಿಗೆ ಮನೆಗೆ ಹೋದ ದಿನ ವಿಳಾಸದ ಕೆಲಸ ಮತ್ತೆ ಮೊದಲಿಂದ. ಜರ್ಮನಿಯಲ್ಲಿ ಮತ್ತೆ ಅದೇ ಎರಡು ವಾರದ ಗಡುವು. ಅಮೆರಿಕದಲ್ಲಿ ಪೌರರಲ್ಲದ ಬಹುತೇಕರು 10 ದಿನದೊಳಗೆ ಹೊಸ ವಿಳಾಸವನ್ನು ವಲಸೆ ಇಲಾಖೆಗೆ ತಿಳಿಸಬೇಕು. ನಾನು ತಿಳಿಸುವ ಕ್ರಮ ಹೀಗೆ: ವಲಸೆ ಕಚೇರಿ, ತೆರಿಗೆ, ಬ್ಯಾಂಕ್, ಕೆಲಸ ಕೊಟ್ಟವರು, ವಿಮೆ, ಕೊನೆಗೆ ಅಂಚೆ ಕಚೇರಿಯಲ್ಲಿ ಪತ್ರಗಳನ್ನು ಹೊಸ ಮನೆಗೆ ತಿರುಗಿಸುವ ಅರ್ಜಿ. ಹಳೆಯ ಪೆಟ್ಟಿಗೆಯ ಮೇಲಿನ ಹೆಸರಿನ ಚೀಟಿಯನ್ನು, ಅಲ್ಲಿ ಉಳಿದವರು ಒಪ್ಪಿದರೆ, ಇನ್ನೊಂದು ತಿಂಗಳು ಕೀಳುವುದಿಲ್ಲ.