ಬಾಲದ ಗಾಲಿಯಿಲ್ಲದೆ ಇಳಿದ ಬಾಂಬರ್: ಮಾದರಿ ಕಟ್ಟಿದ ನನ್ನ ಅನುಭವ

ಎರಡನೇ ಮಹಾಯುದ್ಧದಲ್ಲಿ ‘ಆಲ್ ಅಮೆರಿಕನ್’ ಎಂಬ ಅಮೆರಿಕದ ಬಿ-17 ಬಾಂಬರ್ ವಿಮಾನ ತನ್ನ ನೆಲೆಗೆ ಮರಳಿ ಇಳಿದ ಗಳಿಗೆಯನ್ನು 1/72 ಅಳತೆಯ ಪ್ಲಾಸ್ಟಿಕ್ ಮಾದರಿಯಲ್ಲಿ ಮೂಡಿಸಲು ಹೊರಟ ನಾನು ಆರಂಭದಲ್ಲಿಯೇ ಎಡವಿ, ಅಡಿಹಲಗೆಯ ತುಂಬ ಹಸಿರು ಹುಲ್ಲನ್ನು ಅಂಟಿಸಿದ್ದೆ. ಬಾಲ ತುಂಡಾಗುವಂತಿದ್ದ ಆ ವಿಮಾನ ಇಂಗ್ಲೆಂಡಿನವರೆಗೂ ಹಾರಿತೆಂದು ಮೊಬೈಲಿನಿಂದ ಮೊಬೈಲಿಗೆ ಹರಿದಾಡುವ ಕಥೆಯನ್ನು ನಾನೂ ನಂಬಿದ್ದೆ. ವಾಸ್ತವದಲ್ಲಿ, 1943ರ ಫೆಬ್ರುವರಿ 1ರಂದು ಟ್ಯುನೀಷಿಯಾದ ಮೇಲಿನ ದಾಳಿಯ ವೇಳೆ ಜರ್ಮನಿಯ ಮೆಸ್ಸರ್‌ಶ್ಮಿಟ್ 109 ಯುದ್ಧವಿಮಾನ ಡಿಕ್ಕಿ ಹೊಡೆದ ಬಳಿಕ ಅದು ಮರಳಿದ್ದು ಅಲ್ಜೀರಿಯಾದ ಬಿಸ್ಕ್ರಾಕ್ಕೆ, ಎಂದರೆ ಸಹಾರಾ ಮರುಭೂಮಿಯ ಅಂಚಿಗೆ. ಹುಲ್ಲನ್ನು ಕೆರೆದು ತೆಗೆದು ಮರಳು ಹಾಕುವಷ್ಟರಲ್ಲಿ ಒಂದು ಭಾನುವಾರ ಕಳೆಯಿತು.

ಹೆಚ್ಚು ಕಾಲ ಹಿಡಿದದ್ದು ಬಾಲದ ಗಾಯ. ಡಿಕ್ಕಿಯಲ್ಲಿ ಎಡಬದಿಯ ಅಡ್ಡ ಬಾಲರೆಕ್ಕೆ ಪೂರ್ತಿಯಾಗಿ ಹರಿದುಹೋಗಿ, ವಿಮಾನದ ಒಡಲು ಬಾಲದ ಬುಡದಲ್ಲಿ ಬಹುಪಾಲು ಸೀಳಿತ್ತು. ಮೊದಲು ಪ್ಲಾಸ್ಟಿಕ್ಕನ್ನು ನೇರವಾಗಿ ಕೊಯ್ದು ನೋಡಿದೆ. ಆದರೆ ಒಂದು ಮಿಲಿಮೀಟರ್ ದಪ್ಪದ ಪ್ಲಾಸ್ಟಿಕ್ ಈ ಅಳತೆಯಲ್ಲಿ ಏಳು ಸೆಂಟಿಮೀಟರಿಗೂ ಮಿಕ್ಕಿದ ಲೋಹಕ್ಕೆ ಸಮವಾಗುವುದರಿಂದ, ಸೀಳು ವಿಮಾನದ ತಗಡಿನಂತೆ ಕಾಣದೆ ಒಡೆದ ಮಡಕೆಯ ಬಾಯಿಯಂತೆ ಕಂಡಿತು. ಆದ್ದರಿಂದ ಒಳಬದಿಯನ್ನು ಮರಳುಕಾಗದದಿಂದ ಬೆಳಕು ಹಾಯುವಷ್ಟು ತೆಳ್ಳಗೆ ಉಜ್ಜಿ, ಅಂಚುಗಳಿಗೆ ಅಡುಗೆಮನೆಯ ಅಲ್ಯೂಮಿನಿಯಂ ಹಾಳೆಯ ಚೂರುಗಳನ್ನು ಅಂಟಿಸಿ, ಚಿಮಟದಿಂದ ಹೊರಕ್ಕೂ ಒಳಕ್ಕೂ ಮುರುಟಿಸಿದೆ. ಒಳಗಿನ ಪಟ್ಟಿಗಳಿಗೆ, ಬಿಡಿಭಾಗಗಳನ್ನು ಹಿಡಿದಿಡುವ ಪ್ಲಾಸ್ಟಿಕ್ ಚೌಕಟ್ಟಿನ ಕಡ್ಡಿಯನ್ನು ಮೇಣದಬತ್ತಿಯ ಮೇಲೆ ಕಾಯಿಸಿ ಎಳೆದ ಎಳೆಗಳೇ ಸಾಕಾದವು.

ಪ್ರೊಪೆಲರ್‌ಗಳ ಅಲಗುಗಳನ್ನು ಬಾಗಿಸಬೇಕೆಂದು ಗೆಳೆಯರೊಬ್ಬರು ಒತ್ತಾಯಿಸಿದರು, ನಾನು ಒಪ್ಪಲಿಲ್ಲ. ಅಲಗುಗಳು ಬಾಗುವುದು ವಿಮಾನ ಹೊಟ್ಟೆಯ ಮೇಲೆ ಇಳಿದಾಗ. ಇಲ್ಲಿ ಮುಂದಿನ ಎರಡು ಗಾಲಿಗಳು ಸರಿಯಾಗಿಯೇ ಇಳಿದು ಭಾರ ಹೊತ್ತಿದ್ದವು. ಕೈಕೊಟ್ಟದ್ದು ಬಾಲದ ಗಾಲಿ ಮಾತ್ರ. ಪೈಲಟ್ ಕೆಂಡ್ರಿಕ್ ಬ್ರ್ಯಾಗ್ ಮುಂಗಾಲಿಗಳನ್ನು ನೆಲಕ್ಕೆ ತಾಗಿಸಿ ವೇಗ ಇಳಿಸಿದಂತೆ, ಮೊದಲೇ ಸೀಳಿದ್ದ ಬಾಲ ನೆಲಕ್ಕೆ ಉಜ್ಜುತ್ತ ಸಾಗಿ ನಿಂತಿತು. ಹಾಗಾಗಿ ಡಬ್ಬಿಯಲ್ಲಿ ಬಂದ ಬಾಲದ ಗಾಲಿಯನ್ನು ಬದಿಗಿಟ್ಟು ಹಿಂಭಾಗವನ್ನು ನೆಲಕ್ಕೇ ಕೂರಿಸಿದೆ. ವಿಮಾನದ ಮೂತಿ ಕೆಲವೇ ಮಿಲಿಮೀಟರ್‌ಗಳಷ್ಟು ಮೇಲೆದ್ದಿತು; ಆದರೆ ನಿಲುವೇ ಬದಲಾಯಿತು. ನನ್ನ ಮಟ್ಟಿಗೆ, ಗಾಯಕ್ಕಿಂತ ಈ ವಾಲಿಕೆಯೇ ಘಟನೆಯನ್ನು ಚೆನ್ನಾಗಿ ಹೇಳುತ್ತದೆ.

ಮರಳಿನಲ್ಲಿ ಗಾಲಿಗಳ ಜಾಡು ಮೂಡಿಸುವುದು ಸುಲಭವಾಯಿತು. ಅವುಗಳ ನಡುವೆ ಬಾಲ ಎಳೆದ ಗೆರೆಯನ್ನು ಮೊದಲು ಅಳತೆಪಟ್ಟಿ ಹಿಡಿದು ಕೊರೆದದ್ದು ತೀರ ನೇರವಾಗಿ, ಉತ್ತ ಸಾಲಿನಂತಾಗಿತ್ತು. ಅದನ್ನು ಅಳಿಸಿ, ಮುರಿದ ಬ್ಲೇಡಿನ ತುದಿಯಿಂದ ಕೈ ನಡುಗಿದಂತೆ ಗೀಚಿದೆ. ಬಳಿಕ, ಒಬ್ಬರಿಗೂ ಪೆಟ್ಟಾಗದೆ ಇಳಿದ ಹತ್ತು ಮಂದಿಯ ಗೊಂಬೆಗಳನ್ನು ಬಾಲದ ಬಳಿ ನಿಲ್ಲಿಸಿದೆ.